ಹೆಸರಿನ ಜಾಗದಲ್ಲಿ ಎರಡು ಪೆಟ್ಟು

ಈ ತಿರುಗಾಟಕ್ಕೆ ಎರಡು ದಿನ ಹಿಡಿಯಿತು ಎಂದು ಬರೆಯುತ್ತಿದ್ದೇನೆ. ಮೂರು ದಿನವೂ ಆಗಿದ್ದೀತು. ಬಾದಾಮಿಯಲ್ಲಿ ತಿಂದ ಚುರುಮುರಿ ಸೂಸಲಾವನ್ನು ಹುನಗುಂದದಲ್ಲಿ ತಿಂದೆನೆಂದು ನೆನೆಸಿಕೊಳ್ಳುತ್ತಿರಬಹುದು. ಡೈರಿ ಜೊತೆಗಿತ್ತು, ಆದರೆ ಬಸ್ಸಿನಲ್ಲಿ ಕುಲುಕಾಡುತ್ತ ಗೀಚಿದ್ದು ಈಗ ನನಗೇ ಓದಲು ಬರುತ್ತಿಲ್ಲ. ಮಾತುಗಳನ್ನು ಮಾತ್ರ ಆದಷ್ಟು ಕೇಳಿದ ಹಾಗೇ ಬರೆದಿದ್ದೇನೆ.

ನವನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಹೊರಗಿನ ಸದ್ದು ತಡೆಯಲು ಕಿಟಕಿಗೆ ಕೌದಿ ಕಟ್ಟಿಕೊಂಡು, ಕಾಲೇಜಿನ ಪಾಠಗಳ ನಡುವೆ ಬಿಡುವಾದಾಗಲೆಲ್ಲ ಐದು ಹಾಡುಗಳನ್ನು ಧ್ವನಿಮುದ್ರಿಸಿದ್ದೆ. ನಾಲ್ಕು ನನ್ನವು. ಐದನೆಯದು ಇಳಕಲ್ಲಿನ ನನ್ನ ಸೋದರತ್ತೆ ನೀಲಮ್ಮ ಮಗ್ಗದ ಮೇಲೆ ಕೂತು ಹಾಡಿದ್ದು; ಹಿಂದಿನ ವರ್ಷ ಅವಳ ಪಕ್ಕದಲ್ಲಿ ಫೋನ್ ಇಟ್ಟು ಹಿಡಿದುಕೊಂಡಿದ್ದೆ. ಇನ್ನು ಉಳಿದದ್ದು ಮಾಸ್ಟರಿಂಗ್. ಹಾಡು ಜನರ ಕಿವಿಗೆ ಹೋಗುವ ಮೊದಲು ಕೊನೆಯದಾಗಿ ಒಬ್ಬರು ಕೂತು ಅದರ ಏರಿಳಿತ ಸರಿಮಾಡಿ, ಫೋನಿನಲ್ಲೂ ಆಟೋದಲ್ಲೂ ಒಂದೇ ಹದದಲ್ಲಿ ಕೇಳುವಂತೆ ಮಾಡುವ ಕೆಲಸ. ಬೆಂಗಳೂರಿಗೆ ಕಳಿಸು ಎಂದಳು ಗೆಳತಿ. ಮಗ್ಗದ ಸಪ್ಪಳ ಗೊತ್ತಿರುವ ಕಿವಿಯೇ ಬೇಕೆಂದು ನನಗೆ ಹಟ. ಹಾಗಾಗಿ ನಮ್ಮ ಕಡೆಯ ಮೂವರಿಗೆ ಕೇಳಿಸಿ ಒಬ್ಬರನ್ನು ಆರಿಸೋಣವೆಂದು ಪೆನ್‌ಡ್ರೈವ್, ಹೆಡ್‌ಫೋನ್, ಒಂದು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೊರಟೆ.

ಮೊದಲ ನಿಲುಗಡೆ ಹತ್ತಿರದ್ದೇ. ವಿದ್ಯಾಗಿರಿಯಲ್ಲಿ ಕಾಲೇಜು ಹುಡುಗರ ರೂಮುಗಳ ಮೇಲಿನ ಮಹಡಿಯಲ್ಲಿ ಸಚಿನ್ ಎಂಬ ಚುರುಕು ಇಂಜಿನಿಯರ್. ನನ್ನ ನಾಲ್ಕು ಹಾಡುಗಳನ್ನು ಇಪ್ಪತ್ತು ನಿಮಿಷದಲ್ಲಿ ಕೇಳಿ ಮುಗಿಸಿ, ಒಂದನ್ನು ಮಾದರಿಗೆಂದು ಮಾಸ್ಟರಿಂಗ್ ಮಾಡಿ ಜೋರಾಗಿ ಕೇಳಿಸಿದ; ಮೈ ಜುಮ್ಮೆಂದಿತು. ಅತ್ತೆಯ ಹಾಡಿಗೆ ಬಂದು ನಿಂತ.

ಆ ಹಾಡು ನನ್ನ ಅಜ್ಜಿಯದು. ‘ಹೊಳಿ ದಾಟಿ ಬರತಾನ ಸಂಗಣ್ಣ, ಬಾಗಿಲ ಮುಚಬ್ಯಾಡ ನನ್ನವ್ವ’ ಎಂಬುದು ಅದರ ಪಲ್ಲವಿ. ಅಜ್ಜಿ ಪೂರ್ತಿ ಹಾಡುತ್ತಿದ್ದಳು. ಅತ್ತೆ ‘ಬರತಾನ’ ಎಂಬಲ್ಲಿ ಬಾಯಿ ಮುಚ್ಚುತ್ತಾಳೆ. ಹೆಸರಿನ ಜಾಗದಲ್ಲಿ ಮಗ್ಗದ ಎರಡು ಪೆಟ್ಟು ಮಾತ್ರ ಬೀಳುತ್ತವೆ.

“ಮ್ಯಾಡಮ್ಮರ, ಇಲ್ಲಿ ವಾಯ್ಸ್ ಕಟ್ ಆಗೇತ್ರಿ. ನಾಕು ಕಡೆ.”

“ಕಟ್ ಆಗಿಲ್ಲ. ಅತ್ತಿ ಆ ಶಬ್ದ ಹಾಡಂಗಿಲ್ಲ.”

“ಯಾವ ಶಬ್ದರಿ?”

“ಸಂಗಣ್ಣ.”

ಅದು ಅವಳ ಗಂಡನ ಹೆಸರು ಎಂದು ನಾನು ಹೇಳಲಿಲ್ಲ. ಮದುವೆಯಾದ ದಿನದಿಂದ ಅತ್ತೆಯ ಬಾಯಲ್ಲಿ ಆ ಹೆಸರು ಬಂದಿಲ್ಲ, ಕೂಡಲಸಂಗಮಕ್ಕೆ ಹೋಗುವಾಗಲೂ ‘ಕೂಡಲಕ್ಕ ಹೊಂಟೇವಿ’ ಎಂದು ಅರ್ಧಕ್ಕೇ ನಿಲ್ಲಿಸುತ್ತಾಳೆ ಎಂದೂ ಹೇಳಲಿಲ್ಲ. ಹೇಳಲು ನೆನಪಾಗಲಿಲ್ಲವೋ, ಬೇಕೆಂದೇ ಬಿಟ್ಟೆನೋ. ಚಹಾ ಕುಡಿದು ಬರುವಷ್ಟರಲ್ಲಿ ಸಚಿನ್ ಕರೆದು ಕೇಳಿಸಿದ. ಅತ್ತೆ ‘ಸಂಗಣ್ಣ’ ಎಂದು ಹಾಡುತ್ತಿದ್ದಳು. ಅವಳದೇ ದನಿ, ‘ಣ್ಣ’ದ ಮೇಲೆ ಅವಳದೇ ಸಣ್ಣ ನಡುಕ.

“ಸಾಫ್ಟ್‌ವೇರಿಗೆ ಅತ್ತಿಯವರ ದನಿ ಕಲಿಸಿದೆ ನೋಡ್ರಿ. ಗೊತ್ತಾಗ್ತೈತೇನ್ರಿ?”

ಗೊತ್ತಾಗುತ್ತಿರಲಿಲ್ಲ. ಅಳಿಸು ಎನ್ನಬೇಕಿತ್ತು. “ಚಲೋ ಆಗೇತಿ,” ಎಂದೆ. ಆ ಮಾದರಿಯನ್ನೂ ಅತ್ತೆಯ ಹಾಡಿನ ಎರಡೂ ಫೈಲುಗಳನ್ನೂ ಪೆನ್‌ಡ್ರೈವಿಗೂ ಫೋನಿಗೂ ಹಾಕಿಸಿಕೊಂಡು, ಮನೆಗೆ ಹೋಗಿ ಊಟ ಮಾಡುವ ತಾಳ್ಮೆಯೂ ಇಲ್ಲದೆ ಬಾದಾಮಿಯ ಬಸ್ಸು ಹತ್ತಿದೆ.

ಹೆಂಗಸರಿಗೆ ಶೂನ್ಯ ಟಿಕೆಟ್ಟು; ಆಧಾರ್ ತೋರಿಸಿದರೆ ಸಾಕು. ಸುಮಾರು ನಲವತ್ತು ಕಿಲೋಮೀಟರಿಗೆ ಒಂದು ತಾಸಿಗಿಂತ ಹೆಚ್ಚೇ ಹಿಡಿಯಿತು. ಚಳಿಗಾಲದ ಬಿಸಿಲು, ಎರಡೂ ಬದಿ ಮೊಣಕಾಲೆತ್ತರದ ಬಿಳಿಜೋಳ. ದಾರಿಯುದ್ದಕ್ಕೂ ಆ ಹೆಸರಿನ ಜಾಗವನ್ನೇ ಮತ್ತೆ ಮತ್ತೆ ಕೇಳಿದೆ, ಒಮ್ಮೆ ಪೆಟ್ಟು, ಒಮ್ಮೆ ಹೆಸರು. ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದಂತೆ ಮಂಗವೊಂದು ನನ್ನ ಬಾಳೆಹಣ್ಣಿನ ಚೀಲ ಕಿತ್ತುಕೊಂಡು ಹೋಯಿತು. “ಹಣ್ಣ್ ಹೋತು, ಫೋನ್ ಉಳೀತಲ್ಲ, ಪುಣ್ಯಾ ಮಾಡೀದಿ,” ಎಂದಳು ಹೂ ಮಾರುವಾಕೆ.

ಬಾದಾಮಿಯಲ್ಲಿ ನಾನು ಹುಡುಕಿಕೊಂಡು ಹೋದ ಗುರುಗಳು ಹಾರ್ಮೋನಿಯಂ ಕಲಿಸುವವರು, ಭಜನಾ ಮಂಡಳಿಗಳಿಗೆ ಧ್ವನಿಮುದ್ರಣ ಮಾಡಿಕೊಡುವವರು. ಕೆಂಪು ಕಲ್ಲಿನ ಕೋಣೆ, ಗೋಡೆಗೆ ಜಮಖಾನ. ಕಣ್ಣು ಮುಚ್ಚಿ ಕೇಳಿ, “ಹಾಡಿನಾಗ ದೋಷ ಇಲ್ಲವ್ವಾ. ಮಗ್ಗದ ಸಪ್ಪಳ ತಗದ್ರ ಸ್ವಚ್ಛ ಆಗ್ತೈತಿ,” ಎಂದರು.

“ಮಗ್ಗ ತಗದ್ರ ಹಾಡು ಉಳೀತೈತೇನ್ರಿ?”

“ಉಳೀದ ಎಲ್ಲಿ ಹೋಗ್ತೈತಿ?”

ತೆಗೆದು ತೋರಿಸಿದರು. ಪೆಟ್ಟುಗಳು ಹೋದ ಮೇಲೆ ಆ ಜಾಗ ಫೋನ್ ಕಟ್ಟಾದ ಹಾಗೆ ಕೇಳಿಸಿತು, ಆ ತುದಿಯಲ್ಲಿ ಯಾರೂ ಇಲ್ಲ. ಕಾಲಿಗೆ ನಮಸ್ಕಾರ ಮಾಡಿ ಹೊರಬಿದ್ದೆ. ಆ ರಾತ್ರಿ ಲಾಡ್ಜಿನಲ್ಲಿ ಉಳಿದೆ. ಎರಡು ರಾತ್ರಿ ಉಳಿದೆನೇ? ಒಂದೇ ಇರಬೇಕು.

ಬೆಳಿಗ್ಗೆ ಗುಳೇದಗುಡ್ಡ, ಅಮೀನಗಡದ ಮೇಲಿಂದ ಹುನಗುಂದ. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಧೂಳು. ಅಮೀನಗಡದಲ್ಲಿ ಅತ್ತೆಗೆಂದು ಕರದಂಟು ಕೊಂಡೆ. ಹುನಗುಂದದ ಮೌಲಾಸಾಬ ತಂದೆಯ ಮೈಕ್‌ಸೆಟ್ ಅಂಗಡಿ ನೋಡಿಕೊಳ್ಳುತ್ತಲೇ ಮಾಸ್ಟರಿಂಗ್ ಕಲಿತವರು, ವಯಸ್ಸು ಐವತ್ತರ ಹತ್ತಿರ. ಮೊದಲ ಅರ್ಧ ತಾಸು ಒಂದು ಗುಂಡಿಯನ್ನೂ ಮುಟ್ಟಲಿಲ್ಲ. ಆಮೇಲೆ ಸಚಿನ್ ಮಾದರಿಗೆಂದು ಮಾಡಿದ ನನ್ನ ಹಾಡನ್ನೂ ಅದರ ಮೂಲವನ್ನೂ ಒಂದೇ ಸದ್ದಿನ ಮಟ್ಟಕ್ಕೆ ಇಳಿಸಿ ಕೇಳಿಸಿದರು. ನಿನ್ನೆ ಮೈ ಜುಮ್ಮೆನ್ನಿಸಿದ್ದು ಇವತ್ತು ಸಪ್ಪೆಯಾಗಿತ್ತು.

“ಜೋರಿದ್ದದ್ದು ಚಲೋ ಐತಿ ಅನಸ್ತೈತ್ರಿ. ಕಿವಿಗೆ ಅದೊಂದು ಚಾಳಿ,” ಎಂದರು.

ಬಳಿಕ ಅತ್ತೆಯ ಹಾಡನ್ನು ತೀರ ಸಣ್ಣ ದನಿಯಲ್ಲಿ ಹಚ್ಚಿ, ಎದ್ದು ಪಕ್ಕದ ಕೋಣೆಗೆ ಹೋದರು. ಅಲ್ಲಿಂದಲೇ ಕೇಳುವುದು ಅವರ ಪದ್ಧತಿಯಂತೆ. ನಾನೂ ಹೋದೆ. ಅವರ ಹೆಂಡತಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಎರಡು ಪೆಟ್ಟು ಬಿದ್ದದ್ದೇ ತಲೆಯೆತ್ತಿದರು.

“ಅಲ್ಲಿ ಗಂಡನ ಹೆಸರು ಇರಬೇಕ್ರಿ.”

“ನಿಮಗ ಹೆಂಗ ಗೊತ್ತಾತ್ರಿ?”

“ಗೊತ್ತಾಗದ ಏನ್ರಿ? ನಾ ಇವರನ್ನ ಕರೀಬೇಕಂದ್ರ ಮಗನ ಹೆಸರು ಹಿಡದು ಕೂಗತೇನಿ. ಅಪ್ಪ ಮಗ ಇಬ್ರೂ ಓ ಅಂತಾರ, ಒಬ್ರೂ ಬರಂಗಿಲ್ಲ!”

ಮೌಲಾಸಾಬ ನಕ್ಕರು. ನಾನು ಹೆಸರು ತುಂಬಿದ ಫೈಲನ್ನೂ ಕೇಳಿಸಿದೆ. ಅವರ ನಗು ನಿಂತಿತು.

“ಹುಡುಗ ಕೆಲಸ ಭಾಳ ಚಲೋ ಮಾಡ್ಯಾನ್ರಿ. ಅದಕ್ಕ ಅಂಜಿಕಿ. ಅತ್ತಿಯವರು ಇದನ್ನ ಕೇಳ್ಯಾರೇನು?”

“ಇಲ್ಲ.”

“ನಿಮ್ಮ ನಾಕೂ ಹಾಡು ಮಾಡಿ ಇಟ್ಟಿರತೇನಿ. ಇದರಾಗ ಯಾವುದು ಅನ್ನೂದು ನನ್ನ ಕೆಲಸ ಅಲ್ಲ, ನಿಮ್ದೂ ಅಲ್ಲ. ಹಾಡಿದಾಕಿನ್ನ ಕೇಳಿ ಬರ್ರಿ. ಇಳಕಲ್ಲೇನ ದೂರ?”

ಯಾರು ಮಾಸ್ಟರಿಂಗ್ ಮಾಡಬೇಕೆಂಬುದು ಅಲ್ಲಿಗೆ ತೀರ್ಮಾನವಾಯಿತು. ಅದರಿಂದ ನೆಮ್ಮದಿ ಬರಬೇಕಿತ್ತು. ಹದಿನೈದು ಕಿಲೋಮೀಟರೂ ಇಲ್ಲದ ದಾರಿಯಲ್ಲಿ, ಸೀಟಿದ್ದರೂ ನಾನು ನಿಂತೇ ಹೋದೆನೆಂದು ನೆನಪು.

ಅತ್ತೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ಸಂಗಣ್ಣ ಮಾವ ಪಕ್ಕದಲ್ಲಿ ರಾಟೆಯ ಮುಂದೆ ಕೂತು ಲಾಳಿಗೆ ನೂಲು ಸುತ್ತುತ್ತಿದ್ದರು. ನೀರು, ಕುಶಲ, ಕರದಂಟು ಆದ ಮೇಲೆ ಫೋನ್ ತೆಗೆದೆ. ಅವಳು ಹಾಡಿದ್ದನ್ನು ಹಾಡಿದಂತೆಯೇ ಮೊದಲು ಕೇಳಿಸಿ, ಇನ್ನೊಂದರ ಬಗ್ಗೆ ಬಾಯಿಮಾತಿನಲ್ಲಿ ಹೇಳಬೇಕೆಂದುಕೊಂಡಿದ್ದೆ. ಎರಡೂ ಫೈಲಿಗೆ ಒಂದೇ ಹೆಸರು, ಕೊನೆಯ ಅಂಕಿ ಮಾತ್ರ ಬೇರೆ. ಅವಸರದಲ್ಲಿ ತಪ್ಪು ಫೈಲನ್ನೇ ಒತ್ತಿದೆ.

‘ಹೊಳಿ ದಾಟಿ ಬರತಾನ ಸಂಗಣ್ಣ.’

ರಾಟೆ ನಿಂತಿತು.

“ಯಾರಕಿ?” ಎಂದಳು ಅತ್ತೆ.

“ನೀನ ಅತ್ತಿ.”

“ನಾ ಅಲ್ಲ.”

“ನಿನ್ನ ದನಿ ನನಗ ಗುರ್ತಿಲ್ಲೇನು?” ಎಂದರು ಮಾವ. “ನಲವತ್ತು ವರ್ಷದಾಗ ಒಮ್ಮೆರ ಅಂದಿಯಲ್ಲ, ತಗೋ. ಇವತ್ತ ಹುಗ್ಗಿ ಮಾಡು.”

“ಸುಮ್ಕಿರ್ರಿ. ನಾ ಅಂದಿಲ್ಲ ಅದನ್ನ.” ಅವಳ ಮುಖ ಕೆಂಪಾಗಿತ್ತು. ನನ್ನತ್ತ ತಿರುಗಿದಳು. “ಏನ್ ಮಾಡೀದಿ ನೀ?”

ಹೇಳಿದೆ. ಮಷೀನು, ವಿದ್ಯಾಗಿರಿ, ಶಬ್ದ ಹೇಳಿಕೊಟ್ಟವಳು ನಾನೇ ಎಂಬುದು, ಎಲ್ಲ. ಮಾವ, “ಇನ್ನೊಮ್ಮೆ ಹಚ್ಚವಾ,” ಎಂದರು. ಅತ್ತೆ ತಲೆ ತಗ್ಗಿಸಿ ಕಡಿದ ಎಳೆಯೊಂದಕ್ಕೆ ಗಂಟು ಹಾಕತೊಡಗಿದಳು. ಹಚ್ಚಿದೆ. ನೂಲಿನ ಎಳೆ ಬೆರಳಿಗೆ ಸುತ್ತಿಕೊಂಡೇ ಅವರು ಕೊನೆಯವರೆಗೂ ಕೇಳಿದರು.

ಆಮೇಲೆ ಮೂಲದ್ದನ್ನು ಕೇಳಿಸಿದೆ. ಮೊದಲ ಎರಡು ಪೆಟ್ಟು ಬೀಳುತ್ತಲೇ ಅತ್ತೆ, “ಇದು ನಾ,” ಎಂದಳು. ಅಷ್ಟೇ. ಜನರಿಗೆ ಹೋಗುವುದು ಇದೇ ಎಂದು ಮಾತು ಕೊಟ್ಟೆ. ಆದರೆ ನಿಜ ಹೇಳಬೇಕು: ಆ ಪೆಟ್ಟುಗಳ ಕೆಳಗೆ ನನಗೆ ಈಗ ಹೆಸರು ಕೇಳಿಸುತ್ತಿತ್ತು. ಅವಳು ಎಂದೂ ಹೇಳದ್ದನ್ನು ಹೇಳಿದಳೆಂದು ನನ್ನ ಕಿವಿ ನೆನಪಿಟ್ಟುಕೊಂಡುಬಿಟ್ಟಿದೆ.

ಅತ್ತೆ ರೊಟ್ಟಿ ಕಟ್ಟಲು ಒಳಗೆ ಹೋದಾಗ ಮಾವ ದನಿ ತಗ್ಗಿಸಿದರು. “ಅದನ್ನ ನನ್ನ ಫೋನಿಗೆ ಕಳಸವಾ. ಆಕಿಗೆ ಹೇಳಬ್ಯಾಡ.” ನಾನು ಫೋನ್ ಕೈಯಲ್ಲಿ ಹಿಡಿದಿದ್ದೆ. ಒಂದು ಬೆರಳಿನ ಕೆಲಸ. “ನೋಡೋಣ ಮಾವಾ,” ಎಂದೆ. ಅವರು ಮತ್ತೆ ಕೇಳಲಿಲ್ಲ. ಎದ್ದು ನನ್ನ ಚೀಲ ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಮುಂದೆ ನಡೆದರು.

ಹೊಸ್ತಿಲಲ್ಲಿ ಅತ್ತೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕೈಗಿಟ್ಟಳು. ಅವಳಿಗೆ ಗೊತ್ತಿಲ್ಲದೆ ಅವಳ ದನಿಯಿಂದ ಒಮ್ಮೆ ಒಂದು ಮಾತು ಹೇಳಿಸಿಯಾಗಿತ್ತು. ಇನ್ನೊಮ್ಮೆ ಅವಳ ಬೆನ್ನ ಹಿಂದೆ ಏನನ್ನೂ ಮಾಡಲು ಮನಸ್ಸಾಗದೆ, ಮಾವನಿಗೆ ಅದನ್ನು ಕಳಿಸಲೇ ಎಂದು ಕೇಳಿಬಿಟ್ಟೆ. ಅವಳು ಬೀದಿಯ ತುದಿಯತ್ತ, ಚೀಲ ಹೊತ್ತು ಹೋಗುತ್ತಿದ್ದ ಮಾವನ ಬೆನ್ನನ್ನು ನೋಡುತ್ತ ನಿಂತಳು. “ಬಸ್ ಹೋದೀತು, ಓಡು,” ಎಂದಳು.

ಮೌಲಾಸಾಬ ಐದೂ ಹಾಡು ಮುಗಿಸಿ ಕೊಟ್ಟಿದ್ದಾರೆ. ಹೆಸರು ತುಂಬಿದ ಇನ್ನೊಂದು ಫೈಲು ಫೋನಿನಲ್ಲಿ ಹಾಗೇ ಇದೆ, ಅಳಿಸಿಲ್ಲ, ಕಳಿಸಿಲ್ಲ. ನಿನ್ನೆ ಅತ್ತೆಗೆ ಫೋನ್ ಮಾಡಿ, ಜೋಳದ ಮಾತು, ನೂಲಿನ ಮಾತು ಎಲ್ಲ ಮುಗಿದ ಮೇಲೆ ಅದನ್ನೇ ಮತ್ತೆ ಕೇಳಿದೆ. ಆ ಕಡೆಯಿಂದ ಮಗ್ಗದ ಸಪ್ಪಳ ಬರುತ್ತಿತ್ತು.

“ಅತ್ತೀ, ಮಾವ ಆ ಇನ್ನೊಂದು ಹಾಡು ತಮಗ ಬೇಕಂದಾರ. ಕಳಸ್ಲೇನು?”