ಗಂಗಾಂಬಿಕೆ ಹುಡುಕಿಕೊಂಡು ಹೋದ ಒಂಬತ್ತು ಕೂಸುಗಳು

ಗಂಗಾಂಬಿಕೆಯ ಶಿವಗಣಾರಾಧನೆ ಮುಗಿದ ಮಾರನೆಯ ದಿನ ಅವಳು ಕೆಲಸ ಮಾಡುತ್ತಿದ್ದ ಕ್ಲಿನಿಕ್‌ನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಡಾಕ್ಟರ್ ಗುರುಪ್ರಕಾಶ್ ಫೋಟೋಗೆ ಹಾರ ಹಾಕಿ, ಅವಳು ಮಾಡಿದ ಹೋಲಿಕೆಯನ್ನು ಓದಿದರು: ಕಿವಿ ಪರೀಕ್ಷೆಯ ಹಳೆಯ ಯಂತ್ರ, ಹೊಸ ಯಂತ್ರ, ಎರಡರ ಫಲಿತಾಂಶವೂ ಒಂದೇ. ಅದು ಸುಳ್ಳು.

ಹದಿನಾರು ವರ್ಷ ಅವಳು ತುಮಕೂರಿನಲ್ಲಿ ಕೂಸುಗಳ ಕಿವಿ ಪರೀಕ್ಷಿಸಿದಳು. ಕಿವಿಗಿಡುವ ರಬ್ಬರ್ ತುದಿಯನ್ನು ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡುತ್ತಿದ್ದಳು. ಕಿವಿತಮಟೆಯ ಹಿಂದೆ ನೀರು ನಿಂತರೆ ಕೂಸಿಗೆ ಮಾತು ಸರಿಯಾಗಿ ಕೇಳಿಸದು. ಯಂತ್ರ ಕಿವಿಯೊಳಗೆ ಸ್ವರ ಬಿಟ್ಟು, ತಮಟೆ ಎಷ್ಟು ಅಲ್ಲಾಡುತ್ತದೆಂದು ಗೆರೆ ಬರೆಯುತ್ತದೆ. ಹಳೆಯ ಯಂತ್ರದ್ದು ದಪ್ಪ ಸ್ವರ, ಹೊಸದರದ್ದು ಕೀರಲು. ಅರವತ್ತು ಕೂಸುಗಳನ್ನು ಎರಡರಲ್ಲೂ ನೋಡಿದಳು. ಒಂಬತ್ತಕ್ಕೆ ಹಳೆಯದು ಗುಡ್ಡದಂಥ ಗೆರೆ ಬರೆಯಿತು, ಅಂದರೆ ಎಲ್ಲ ಸರಿ. ಹೊಸದು ಬರೆದದ್ದು ಚಪ್ಪಟೆ ಗೆರೆ, ಅಂದರೆ ನೀರು ನಿಂತಿದೆ.

"ಗುಡ್ಡ ಬಂದಿದೆಯಲ್ಲಮ್ಮ, ಸಾಕು ಬಿಡು," ಎಂದಿದ್ದರು ಡಾಕ್ಟರು.

"ಎಳೇ ಕೂಸು ಸಾರ್. ಕಿವಿ ಒಳಗಿನ ಗೋಡೇನೇ ಮೆತ್ತಗಿರುತ್ತೆ. ಗೋಡೆ ಅಲ್ಲಾಡಿದ್ರೆ ಹಳೇದು ತಮಟೆ ಅಲ್ಲಾಡ್ತು ಅಂತ ಬರ್ಕೊಳ್ತದೆ."

"ಹಂಗಾದ್ರೆ ಕರೆಸಿ ನೋಡು."

ಬಾಣಂತನಕ್ಕೆ ಬಂದವರು ಕೊಟ್ಟಿದ್ದು ತವರಿನ ನಂಬರು. ಐದನೆಯ ತಿಂಗಳಿಗೆ ಕೂಸು ಗಂಡನ ಮನೆ ಸೇರಿರುತ್ತದೆ. ಕ್ಲಿನಿಕ್ ಒಂದೊಂದು ಮನೆಗೂ ಒಂದೇ ಸಲ ಫೋನ್ ಮಾಡಿ, "ಸಿಗಲಿಲ್ಲ" ಎಂದು ಬರೆದು, ಒಂಬತ್ತನ್ನೂ ಹೋಲಿಕೆಯಿಂದ ಕಿತ್ತುಹಾಕಿತು. ಗಂಗಾಂಬಿಕೆ ಭಾನುವಾರಗಳಲ್ಲಿ ಸ್ಕೂಟರ್ ಏರಿ ಕೋರ, ಗುಬ್ಬಿ, ಬಿದರೆಹಳ್ಳಿ ಕಾವಲ್ ಸುತ್ತಿ ಎಂಟು ಮನೆ ಹುಡುಕಿ, ಕೂಸುಗಳನ್ನು ಬೇರೆ ಆಸ್ಪತ್ರೆಗೆ ಕಳಿಸಿದಳು. ಆರು ಕೂಸುಗಳ ಕಿವಿಯಲ್ಲಿ ನೀರು ನಿಂತಿತ್ತು. ಡಾಕ್ಟರು ಅದನ್ನೂ ಸೇರಿಸಿಕೊಳ್ಳಲಿಲ್ಲ. ಒಂಬತ್ತನೆಯದು ಕುಣಿಗಲ್‌ನಲ್ಲಿತ್ತು. ಅಲ್ಲಿಗೆ ಹೋಗಬೇಕೆಂದಿದ್ದ ವಾರವೇ ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡಳು.

ಕ್ಲಿನಿಕ್‌ನಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದವಳು ನಾನು; ಅವಳ ಡೈರಿ ಹಿಡಿದು ನಾನೇ ಕುಣಿಗಲ್‌ಗೆ ಹೋದೆ. ಕೂಸಿನ ಅಜ್ಜಿ ಸಿದ್ದಲಕ್ಷ್ಮಮ್ಮ ದೇವರ ಗೂಡಿನಿಂದ ಕ್ಲಿನಿಕ್‌ನ ಚೀಟಿ ತಂದು ತೋರಿಸಿದರು. "ಕಿವಿ ಚೆನ್ನಾಗೈತೆ ಕಣಮ್ಮ, ಡಾಕ್ಟ್ರೇ ಬರ್ಕೊಟ್ಟವ್ರೆ. ಮೆಲ್ಲಗೆ ಕರದ್ರೆ ತಿರುಗಲ್ಲ, ಕೂಗಿದ್ರೆ ತಿರುಗ್ತಾನೆ. ಅವ್ರಪ್ಪನಂಗೇ ಹಟ, ಬುಡು."

ಸೋಮವಾರ ಅಜ್ಜಿ, ತಾಯಿ, ಕೂಸನ್ನು ಕ್ಲಿನಿಕ್‌ಗೆ ಕರೆತಂದೆ. ಕೂಸಿಗೀಗ ಎಂಟು ತಿಂಗಳು, ಕಿವಿಯ ಗೋಡೆ ಗಟ್ಟಿಯಾಗಿದೆ. ಹಳೆಯ ಯಂತ್ರವೂ ಚಪ್ಪಟೆ ಗೆರೆಯನ್ನೇ ಬರೆಯಿತು.

"ಈಗೀಗ ಬಂದಿರೋ ನೀರಿರಬೋದು," ಎಂದರು ಡಾಕ್ಟರು.

ಗಂಗಾಂಬಿಕೆ ಇದ್ದಿದ್ದರೆ ಸಮಾಧಾನದಿಂದ ವಿವರಿಸುತ್ತಿದ್ದಳು. ನನಗೆ ಆ ಸಮಾಧಾನವಿಲ್ಲ. ಈ ಕೂಸಿಗೆ ಹೊಸ ಯಂತ್ರ ಆಗಲೇ ಚಪ್ಪಟೆ ಗೆರೆ ಬರೆದದ್ದನ್ನೂ ಆ ಆರು ಕೂಸುಗಳ ವಿವರವನ್ನೂ ಅವಳು ಗುರುತು ಹಾಕಿದ್ದ ಡೈರಿ ತೆರೆದು ಅವರ ಮುಂದಿಟ್ಟೆ. ಅವರು ಕೂಸಿನ ಚಿಕಿತ್ಸೆಗೆ ಚೀಟಿ ಬರೆದು, ಒಂಬತ್ತು ಹೆಸರನ್ನೂ ಹೋಲಿಕೆಯ ಕಾಗದಕ್ಕೆ ಸೇರಿಸಿ ಸಹಿ ಹಾಕುವವರೆಗೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ.