ಬಸ್ಸಿನ ಕೈ, ವಿಮಾನದ ಬಾಲ

ಬಸ್ಸಿಗೆ ತಗಡು ಹೊಡೆದು ಮೂವತ್ತೊಂದು ವರ್ಷ ಸವೆದ ಕೈ ಅದು. ಬಸ್ ಬಾಡಿ ಕಟ್ಟುವ ಶೆಡ್ಡಿನಲ್ಲಿ ಅವನು ಎಲ್ಲರಿಗೂ ತಗಡಣ್ಣ. ಮುಷ್ಕರವೆಂದು ಗೇಟಿನ ಮುಂದೆ ಕೂತಾಗಲೂ ಬೆರಳು ಸುಮ್ಮನಿರುತ್ತಿರಲಿಲ್ಲ. ಜೊತೆಗೆ ಕೂತ ನಮ್ಮ ಊಟದ ಡಬ್ಬಿಗಳ ಹಿಡಿ ಬಿಗಿ ಮಾಡಿಕೊಡುತ್ತಿದ್ದ. ನಿವೃತ್ತನಾದ ಮೇಲೆ, ಮನೆಯಲ್ಲೇ ಕಟ್ಟುತ್ತೇನೆಂದು, ಇಬ್ಬರು ಕೂರುವ ವಿಮಾನದ ಬಿಡಿಭಾಗಗಳನ್ನು ತರಿಸಿದ. ಮನೆ ಹಿಂದಿನ ಶೆಡ್ಡಿನಿಂದ ಸ್ಕೂಟರ್ ಬೀದಿಗೆ ಬಿತ್ತು, ವಿಮಾನದ ಬಾಲ ಒಳಗೆ ಬಂತು.

ತಗಡಿಗೆ ತಗಡು ಬೆಸೆಯುವ ಮೊಳೆ, ಅಂದರೆ ರಿವೆಟ್, ಹೊಡೆಯಲು ಎರಡು ಜೀವ ಬೇಕು. ಒಬ್ಬರು ಈ ಕಡೆಯಿಂದ ಗನ್ನು ಒತ್ತಬೇಕು, ಇನ್ನೊಬ್ಬರು ಆ ಕಡೆ ಉಕ್ಕಿನ ಗಟ್ಟಿಯನ್ನು ಅದುಮಿ ಹಿಡಿಯಬೇಕು. ಗಟ್ಟಿ ಹಿಡಿದವಳು ಅವನ ಹೆಂಡತಿ, ಗಣಿತದ ಮೇಷ್ಟ್ರಮ್ಮ. ಬಸ್ಸಿನ ಶೆಡ್ಡಿನ ರೂಢಿ ಒಂದೇ: ರಿವೆಟ್ ಕೂತ ಮೇಲೂ ಇನ್ನೊಂದೇಟು. ಗುಂಡಿ ಬಿದ್ದ ರಸ್ತೆಗೆ ಅದು ಸರಿ. ವಿಮಾನದ ರಿವೆಟ್ಟು ಮೆತ್ತಗಿನ ಅಲ್ಯೂಮಿನಿಯಂ. ಅಳತೆ ಮೀರಿ ಜಜ್ಜಿದರೆ ಬಲ ಕಳೆದುಕೊಳ್ಳುತ್ತದೆ.

ವಿಮಾನ ಇಲಾಖೆಯವರು ಬಾಲದ ತಪಾಸಣೆಗೆ ಬರುವ ಹಿಂದಿನ ಸಂಜೆ ಮೇಷ್ಟ್ರಮ್ಮ ಅಳತೆಪಟ್ಟಿ ಹಿಡಿದು ಕೂತಳು. ಐವತ್ತನಾಲ್ಕು ರಿವೆಟ್ಟಿನಲ್ಲಿ ಮೂವತ್ತೆಂಟು ಅಳತೆ ಮೀರಿ ಚಪ್ಪಟೆಯಾಗಿದ್ದವು.

"ರೀ, ಇದು ರಿವೆಟ್ಟೋ, ರೈಲಿನ ಕೆಳಗೆ ಸಿಕ್ಕಿದ ಬಿಲ್ಲೆಯೋ?"

"ಬಿಡೇ, ಮೇಲೆ ತಗಡು ಮುಚ್ಚಿದ್ರೆ ಯಾರ ಕಣ್ಣಿಗೂ ಬೀಳಲ್ಲ."

"ಅದು ಬೀಳಲ್ಲ. ನಾವಿಬ್ರೂ ಬೀಳ್ತೀವಿ."

ಅವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಈ ಬಾಲ ಕಸಕ್ಕೆ ಹೋದರೆ ವಿಮಾನದ ಸಹವಾಸವೇ ಬೇಡವೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಇನ್ನೊಂದು ಬಾಲ ಕಟ್ಟುವಷ್ಟು ಸೊಂಟ ಇಬ್ಬರಲ್ಲೂ ಉಳಿದಿರಲಿಲ್ಲ. ಮೂವತ್ತೆಂಟನ್ನೂ ಕೊರೆದು ತೆಗೆಯುತ್ತೇನೆಂದು ಡ್ರಿಲ್ ಎತ್ತಿಕೊಂಡ. ಅವಳು ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ಕೂತಳು.

"ಸಿಟ್ಟಲ್ಲಿ ಡ್ರಿಲ್ ಹಿಡೀಬೇಡಿ. ನಾಳೆ ಅವರು ಬಂದು ನೋಡ್ಲಿ."

ಮರುದಿನ ಬೆಳಿಗ್ಗೆ ಬಂದ ತಪಾಸಣಾಧಿಕಾರಿಗೆ ಮಗಳ ವಯಸ್ಸು. ಆಕೆ ಚೀಲ ಇಳಿಸುವ ಮೊದಲೇ ತಗಡಣ್ಣ ಒಪ್ಪಿಕೊಂಡುಬಿಟ್ಟ.

"ಮೇಡಂ, ಬಸ್ಸಿಗೆ ಹೊಡೆದ ಹಾಗೆ ಹೊಡೆದುಬಿಟ್ಟೆ. ನಿನ್ನೇನೇ ಎಲ್ಲಾ ಕೊರೆದು ತೆಗೀತಿದ್ದೆ, ಇವಳು ಬಿಡ್ಲಿಲ್ಲ."

ಆಕೆ ಟಾರ್ಚ್ ಹಾಕಿ ಒಂದೊಂದನ್ನೇ ನೋಡಿದಳು. ಅರ್ಧ ಗಂಟೆ. ತಗಡಣ್ಣ ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದ. ಮುಷ್ಕರದಲ್ಲಿ ತಿಂದ ಲಾಠಿ ಏಟಿಗೂ ಅಷ್ಟು ಬೆವತವನಲ್ಲ.

"ಯಜಮಾನ್ರೇ, ಆರು ತೆಗೀರಿ. ಉಳಿದವು ಚೂರು ಚಪ್ಪಟೆ, ಆದ್ರೆ ಗಟ್ಟಿಯಾಗೇ ಇವೆ."

"ಎಲ್ಲಾನೂ ತೆಗೀತೀನಿ ಮೇಡಂ, ನಂಗೇನೂ ಬೇಜಾರಿಲ್ಲ."

"ಉಳಿದಿದ್ದಕ್ಕೆ ಕೈ ಹಚ್ಚೀರಾ ಮತ್ತೆ! ಕೊರೀತಾ ಹೋದ್ರೆ ತೂತು ಅಗಲ ಆಗುತ್ತೆ, ಇಡೀ ಬಾಲಾನೇ ಕಸ. ನಿನ್ನೆ ಕೊರೆದಿದ್ರೆ ಇವತ್ತು ನಂಗಿಲ್ಲಿ ಕೆಲಸಾನೇ ಇರ್ತಿರ್ಲಿಲ್ಲ."

ತಗಡಣ್ಣ ಇದ್ದಲ್ಲೇ ನೆಲಕ್ಕೆ ಕುಕ್ಕರಿಸಿದ. ಎದೆಯ ಮೇಲಿನ ಚಪ್ಪಡಿ ಜಾರಿದಂತೆ ಉಸಿರು ಬಿಟ್ಟು ಹೆಂಡತಿಯ ಕಡೆ ನೋಡಿದ.

"ನನ್ನ ಮುಖ ಏನ್ ನೋಡ್ತೀರಾ? ಏಳಿ, ಆರು ತಾನೇ."

ಆರನ್ನೂ ಹುಷಾರಾಗಿ ತೆಗೆದು ಹೊಸದು ಕೂರಿಸಲು ಮಧ್ಯಾಹ್ನವಾಯಿತು. ಆ ಕಡೆಯಿಂದ ಅವಳು "ಸಾಕು" ಎಂದಾಗಲೆಲ್ಲ ಈ ಕಡೆ ಗನ್ನು ತಕ್ಷಣ ನಿಂತಿತು. ಮೂವತ್ತೊಂದು ವರ್ಷ ಯಾವ ಮ್ಯಾನೇಜರ್ ಮಾತನ್ನೂ ಒಂದೇ ಸಲಕ್ಕೆ ಕೇಳಿದವನಲ್ಲ ಅವನು.