ಎಲೆಬಣ್ಣದ ಮುಗಿಲು

ಹುರಿದ ಹುಣಸೆಬೀಜವನ್ನು ಕುಟ್ಟಿ ನೀರಿಗೆ ಹಾಕಿ ಕುದಿಸಿದರೆ ಒಂದು ವಾಸನೆ ಏಳುತ್ತದೆ. ಅದು ಅರ್ಧ ಅಡುಗೆಮನೆಯದು, ಅರ್ಧ ಹೊಸ ಬಟ್ಟೆಯದು. ಈಗಲೂ ಯಾರದೋ ಹಿತ್ತಲಿನಿಂದ ಅದು ಮೂಗಿಗೆ ಬಡಿದರೆ ನಾನು ದಾರಿಯಲ್ಲೇ ನಿಂತುಬಿಡುತ್ತೇನೆ. ಜೊತೆಗಿದ್ದವರು ಮುದುಕನಿಗೆ ಉಬ್ಬಸ ಬಂತೆಂದು ತಿಳಿಯುತ್ತಾರೆ. ನನಗೆ ಬಂದದ್ದು ಸವಣೂರು. ಯುದ್ಧದ ಕಾಲದ ಸವಣೂರು, ವೀಳ್ಯದೆಲೆಯ ತೋಟಗಳಿಗೆ ಹೋಗುವ ದಾರಿಯಲ್ಲಿದ್ದ ಈರಪ್ಪ ಕಾಕಾನ ಮನೆ, ಅದರ ಪಡಸಾಲೆಯ ತೊಲೆಯಿಂದ ಇಳಿಬಿಟ್ಟ ನಾಟಕದ ಪರದೆಗಳು. ನಮ್ಮ ಬಣ್ಣವನ್ನೆಲ್ಲ ಆ ಹುಣಸೆಬೀಜದ ಅಂಟಿನಲ್ಲೇ ಕಲೆಸುತ್ತಿದ್ದೆವು. ಎಷ್ಟು ಸಲ ಸುತ್ತಿ ಬಿಚ್ಚಿದರೂ ಅದು ಬಟ್ಟೆ ಬಿಟ್ಟು ಏಳುತ್ತಿರಲಿಲ್ಲ.

ಊರವರು ಅದನ್ನು ಬಣ್ಣದ ಮನೆ ಎನ್ನುತ್ತಿದ್ದರು. ಕಾಕಾ ಮಾತ್ರ ಎದೆಯುಬ್ಬಿಸಿ ಚಿತ್ರಶಾಲೆ ಎನ್ನುತ್ತಿದ್ದ. ಆ ಶಾಲೆಯಲ್ಲಿ ಇದ್ದವರು ನಾಲ್ಕೇ ಜನ. ಕಾಕಾ ಪರದೆ ಬರೆಯುತ್ತಿದ್ದ. ಅವನ ಹೆಂಡತಿ, ನಮ್ಮ ಚಿಗವ್ವ, ಅಂಟು ಕಾಸಿ ಬಣ್ಣ ಅರೆಯುತ್ತಿದ್ದಳು. ಖಾದರಸಾಬ ಎಂಬ ತೆಳ್ಳನೆಯ ಮನುಷ್ಯ ಅಕ್ಷರ ಬರೆಯುತ್ತಿದ್ದ. ಸವಣೂರಿನ ಹೆಸರಾದ ಕರಿದ ತಿಂಡಿ, ಖಾರದ ಅಂಗಡಿಗಳ ಬೋರ್ಡುಗಳ ಮೇಲೆ ಕನ್ನಡ, ಮರಾಠಿ, ಉರ್ದು ಮೂರನ್ನೂ ಉಸಿರು ಬಿಗಿಹಿಡಿದು ಒಂದೇ ಎಳೆತದಲ್ಲಿ ಬರೆಯುವ ಕೈ ಅವನದು. ನಾಲ್ಕನೆಯವನು ನಾನು. ಅಬಲೂರಿನ ಶಾಲೆಯಲ್ಲಿ ಮಾಸ್ತರರ ಸೀನನ್ನು ಇನ್‌ಸ್ಪೆಕ್ಟರರ ಎದುರೇ ಸೀನಿ ತೋರಿಸಿದ್ದಕ್ಕೆ ಅಪ್ಪ ನನ್ನನ್ನು ಇಲ್ಲಿಗೆ ಸಾಗಹಾಕಿದ್ದ. ಅಪ್ಪ ಅದನ್ನು ಶಿಕ್ಷೆ ಅಂದುಕೊಂಡಿದ್ದ, ಪಾಪ. ಕಾಕಾ ನನ್ನ ಕೈಗೆ ಒಂದು ತಗಡಿನ ತುತ್ತೂರಿ ಕೊಟ್ಟು, "ನಿನ್ನ ಬಾಯಿಗೆ ಇವತ್ತಿನಿಂದ ಪಗಾರ ಅದ" ಅಂದ. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರ ಸಂತೆಗಳಲ್ಲಿ ನಾನು ಯಾವ ಅಂಗಡಿಯ ಖಾರ ಹೊಗಳಬೇಕಿತ್ತೋ ಆ ಅಂಗಡಿಯವನ ಧ್ವನಿಯಲ್ಲೇ ಹೊಗಳುತ್ತಿದ್ದೆ. ಜನ ನಗುತ್ತ ಖಾರ ಕೊಳ್ಳುತ್ತಿದ್ದರು. ನನಗಿಂತ ದೊಡ್ಡ ಕಲಾವಿದ ನಾಲ್ಕು ತಾಲ್ಲೂಕಿನಲ್ಲಿಲ್ಲ ಎಂದು ನಾನು ಖಚಿತವಾಗಿ ನಂಬಿದ್ದೆ. ಆಗ ನನಗೆ ಹದಿನಾರು, ಮೀಸೆ ಬಂದಿರಲಿಲ್ಲ, ಸೊಕ್ಕು ಬಂದಿತ್ತು.

ಪರದೆ ಬರೆಯುವುದಕ್ಕೆ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಣ್ಣದ ಗಡಿಗೆಗಳು ಗೋಡೆಗುಂಟ ಸಾಲಾಗಿ ಇರುತ್ತಿದ್ದವು. ಕಾಕಾ ಏಣಿಯ ಹತ್ತಿರ ನಿಂತಿರುತ್ತಿದ್ದ. ಚಿಗವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪರದೆಯನ್ನು ಒಂದು ಗಳಿಗೆ ದಿಟ್ಟಿಸಿ, "ಎಡಗಡೆ ಎರಡನೇದ ತಗೋರಿ" ಎನ್ನುತ್ತಿದ್ದಳು. ಅವಳು ಹೇಳದೆ ಕಾಕಾ ಒಂದು ಗಡಿಗೆಯನ್ನೂ ಮುಟ್ಟುತ್ತಿರಲಿಲ್ಲ. ಹೆಂಡತಿಗೆ ಹೆದರುವ ಗಂಡ ಎಂದು ನಾವೆಲ್ಲ ತಿಳಿದಿದ್ದೆವು. ಊಟಕ್ಕೆ ಕೂತಾಗ ನಾನು ಚಿಗವ್ವನ ಮೂಗುಧ್ವನಿಯಲ್ಲಿ "ಎಡಗಡೆ ಎರಡನೇ ರೊಟ್ಟಿ ತಗೋರಿ" ಅನ್ನುತ್ತಿದ್ದೆ. ನಕ್ಕು ಖಾದರಸಾಬನಿಗೆ ತುತ್ತು ನೆತ್ತಿಗೇರುತ್ತಿತ್ತು. ಚಿಗವ್ವ ಸೌಟು ಎತ್ತುತ್ತಿದ್ದಳು. ಕಾಕಾ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಆ ವರ್ಷ ಮಾಸೂರಿನ ನಾಟಕ ಕಂಪನಿಯ ಮಾಲಕರು, ರುದ್ರಗೌಡರು, ಅಡವಿಯ ಪರದೆಯೊಂದನ್ನು ಬರೆಯಲು ಹೇಳಿದರು. ಬಟ್ಟೆ ರೇಷನ್ನಿನಲ್ಲಿ ಸಿಗುತ್ತಿದ್ದ ದಿನಗಳು. ಅವರು ಯಾರ ಯಾರ ಕೈಕಾಲು ಹಿಡಿದರೋ, ಒಂದು ಥಾನು ಬಿಳಿ ಮಾದರಪಾಟ ಬಟ್ಟೆ ತಂದು ನಮ್ಮ ಕಟ್ಟೆಯ ಮೇಲಿಟ್ಟು, "ಈರಪ್ಪನವರ, ಇದು ಕೆಟ್ಟರ ಇನ್ನೊಂದು ಗಜ ನನ್ನ ಕಡೆ ಇಲ್ಲರಿ. ಮಂದಿ ಹುಬ್ಬಳ್ಳಿಯವರಿಗೆ ಕೊಡು ಅಂದ್ರು. ನಾ ನಿಮ್ಮನ್ನ ನಂಬೇನಿ" ಎಂದು ಹೇಳಿ ಹೋದರು. ನೀಲಿ ಪುಡಿ ಪೇಟೆಯಿಂದ ಮಾಯವಾಗಿ ತಿಂಗಳುಗಳಾಗಿದ್ದವು. ನಮ್ಮಲ್ಲಿ ಉಳಿದದ್ದು ಒಂದೇ ಗಡಿಗೆ.

ಮೊದಲ ದಿನ ಮುಗಿಲು ಬರೆಯುವುದು. ಚಿಗವ್ವ ನೀರಿಗೆ ಹೋಗಿದ್ದಳು, ಕಾಕಾ ಕುಂಚ ಹಿಡಿದು ಕಾಯುತ್ತಿದ್ದ. ನಾನು ಪರದೆಯ ಹಿಂದೆ ನಿಂತು, ಥೇಟ್ ಅವಳದೇ ಧ್ವನಿಯಲ್ಲಿ, "ನೋಡ್ರಿಲ್ಲೆ, ಎಡಗಡೆ ಮೂರನೇದ ತಗೋರಿ" ಅಂದೆ. ಮೂರನೆಯದು ವೀಳ್ಯದೆಲೆಯ ಹಸಿರು. ಮುಗಿಲಿಗೆ ಹಸಿರೇನೇ ಎಂದು ಕಾಕಾ ಹೆಂಡತಿಯನ್ನು ಬೈಯುತ್ತಾನೆ, ನಾನು ಹೊರಗೆ ಜಿಗಿದು ಹಲ್ಲು ಕಿರಿಯುತ್ತೇನೆ ಎಂಬುದು ನನ್ನ ಲೆಕ್ಕ. ಕಾಕಾ ಬೈಯಲಿಲ್ಲ. ಮೂರನೆಯ ಗಡಿಗೆ ಎತ್ತಿಕೊಂಡು ಏಣಿ ಹತ್ತಿದ. ಅಗಲ ಕುಂಚದಿಂದ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಗುನುಗುತ್ತ ಬಳಿಯತೊಡಗಿದ. ನನ್ನ ಆಟಕ್ಕೆ ತಿರುಗಿ ಆಟ ಹೂಡಿದ್ದಾನೆ ಎಂದುಕೊಂಡು ನಾನು ಬಾಯಿಗೆ ಕೈ ಒತ್ತಿ ನಗು ತಡೆದೆ. ಗಡಿಗೆ ಖಾಲಿಯಾಗುವವರೆಗೂ ಕಾಕಾ ನಿಲ್ಲಿಸಲಿಲ್ಲ. ಅಷ್ಟರಲ್ಲಿ ಚಿಗವ್ವ ಕೊಡ ಹೊತ್ತು ಒಳಗೆ ಬಂದಳು. ಕೊಡ ಬಿತ್ತು.

"ಯಾರು ಹೇಳಿದ್ರು ನಿಮಗ ಅದನ್ನ ತಗೋಳಾಕ?"

"ನೀನ ಹೇಳಿದೆಲ್ಲ, ಈಗಿನ್ನ" ಎಂದ ಕಾಕಾ. ಮೇಲಿನಿಂದ ಅವನು ಅವಳತ್ತ ತಿರುಗಿದ ರೀತಿಯಲ್ಲೇ ನನಗೆ ಗೊತ್ತಾಯಿತು. ಅವನ ಮುಖ ಅವಳ ಕಡೆಗಿತ್ತು, ಕಣ್ಣು ಅವಳನ್ನು ಹುಡುಕುತ್ತಿತ್ತು. ನಾನು ಪರದೆಯ ಹಿಂದಿನಿಂದ ಬಂದು, ನನ್ನದೇ ಧ್ವನಿಯಲ್ಲಿ, ಹೇಳಿದ್ದು ನಾನೆಂದು ಒಪ್ಪಿಕೊಂಡೆ.

"ಮೂರು ವರ್ಷಾತೋ ತಮ್ಮಾ, ಕಣ್ಣಿಗೆ ಪೊರಿ ಬಂದು" ಎಂದ ಕಾಕಾ, ಏಣಿಯಿಂದ ಇಳಿಯುತ್ತ. "ಇದ್ದಲಿ ಗೆರಿ ಕಾಣ್ತದ. ಬಣ್ಣ ಎಲ್ಲಾ ಒಂದ ಬೂದಿ."

"ಹೊರಗ ಯಾರ ಮುಂದೂ ಅನಬ್ಯಾಡಪಾ" ಎಂದಳು ಚಿಗವ್ವ. "ಕಣ್ಣಿಲ್ಲದವಗ ಯಾರು ಪರದಿ ಕೊಡ್ತಾರ? ಈ ಮನಿ ಬಾಗಲಾ ಮುಚ್ಚೂದ ಆಕ್ಕದ." ನನ್ನನ್ನು ಅವಳು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಹಸಿರು ಮುಗಿಲನ್ನು ಬಹಳ ಹೊತ್ತು ನೋಡಿದಳು. ಕೆಳಗಿನ ಅರ್ಧ ಇನ್ನೂ ಬರಿಯ ಬಿಳಿ. "ಮ್ಯಾಲಿನ ಅಂಚಿಗೆ ಬಿದಿರು ಹಾಕಿದ ಹೊಲಿಗಿ ಬಿಚ್ಚು" ಅಂದಳು ನನಗೆ. "ತಲಿಕೆಳಗ ಮಾಡಿ ತೂಗಹಾಕೂಣು. ಹಸರು ನೆಲ ಆಗಲಿ. ನೀಲಿ ಗಡಗಿ ಇನ್ನೂ ತುಂಬೇ ಅದ."

ಮರುದಿನ ಬೆಳಗ್ಗೆ ಪರದೆ ತಿರುಗಿ ತೂಗಿತು. ನನ್ನ ಧ್ವನಿಗೆ ಮೋಸಹೋದ ಮೇಲೆ ಕಾಕಾನಿಗೆ ಹೆಂಡತಿಯ ಧ್ವನಿಯ ಮೇಲೂ ನಂಬಿಕೆ ಹೋಗಿತ್ತೇನೋ. ಅವನು ಇದ್ದಲಿನಿಂದ ಮರಗಳ ಗೆರೆ ಎಳೆದು ಕುಂಚವನ್ನು ಅವಳಿಗೇ ಕೊಟ್ಟ. ಚಿಗವ್ವ ಏಣಿ ಹತ್ತಿದಳು. ಆ ನೀಲಿಯನ್ನು ಅವಳು ಮೇಲೆ ಗಟ್ಟಿಯಾಗಿ, ಕೆಳಗೆ ಬರುಬರುತ್ತ ತೆಳ್ಳಗೆ ಎಳೆದದ್ದನ್ನು ನಾನು ನೋಡಿದ್ದೇನೆ. ಮದಗದ ಕೆರೆಯ ಮೇಲೆ ಬೆಳಗು ಹರಿದಂತಿತ್ತು.

ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ರುದ್ರಗೌಡರು ಬಾಗಿಲಲ್ಲಿ ನಿಂತಿದ್ದರು. ಏಣಿಯ ಮೇಲಿದ್ದ ಚಿಗವ್ವನನ್ನು ಕಂಡು ಅವರ ಮೀಸೆ ಇಳಿಯಿತು. "ಇದೇನರಿ ಈರಪ್ಪನವರ? ನಾ ಬಟ್ಟಿ ಕೊಟ್ಟಿದ್ದು ನಿಮ್ಮ ಕೈಗೆ!"

ನಾನು ಗೌಡರ ಬೆನ್ನ ಹಿಂದೆ ಇದ್ದೆ. ಕಾಕಾನ ಧ್ವನಿಯಲ್ಲಿ, ಆಕೆ ಧೂಳು ಒರೆಸುತ್ತಿದ್ದಾಳೆ ಎಂದು ಹೇಳಿಬಿಡೋಣವೆಂದು ಬಾಯಿ ತೆರೆದೆ. ಕಾಕಾ ಕೈ ಎತ್ತಿದ. "ಸುಮ್ಮನಿರೋ ಮಂಗ್ಯಾ. ಇದನ್ನ ನಾನ ಹೇಳತೇನಿ." ಆಮೇಲೆ ಗೌಡರ ಕಡೆ ತಿರುಗಿ, "ಹೋದ ವರ್ಷದ ಅರಮನಿ ಪರದಿ ಹೆಂಗಿತ್ತರಿ?" ಎಂದು ಕೇಳಿದ.

"ಅದರ ಮಾತ್ಯಾಕ? ಹಾನಗಲ್ಲಾಗ ಪರದಿ ಬಿದ್ದ ಕೂಡಲೆ ಚಪ್ಪಾಳಿ ಬಿದ್ವು. ಪಾತ್ರ ಇನ್ನೂ ಬಂದಿದ್ದಿಲ್ಲ."

"ಆ ಬಣ್ಣಾ ಆರಿಸಿದಾಕಿ ಈಕಿರಿ. ನನಗ ಮೂರು ವರ್ಷದಿಂದ ಬಣ್ಣಾ ಕಾಣಂಗಿಲ್ಲ. ಈಗ ನಿಮಗ ತಿಳದ್ಹಂಗ ಮಾಡ್ರಿ."

ಗೌಡರು ಪೇಟ ತೆಗೆದು ಮಂಡಿಯ ಮೇಲಿಟ್ಟುಕೊಂಡು ಪರದೆಯ ಎದುರು ಕೂತರು. ಖಾದರಸಾಬ ಬೋರ್ಡು ಬಿಟ್ಟು ಎದ್ದು ಬಂದ. ಗೌಡರು ಬೆರಳು ಚಾಚಿ, "ಆ ಬಲಗಡೆ ಮೂಲ್ಯಾಗ ಬಿಸಲು ಸ್ವಲ್ಪ ಕಮ್ಮಿ ಆತು ನೋಡವಾ" ಎಂದರು. ಏಣಿಯ ಮೇಲಿನವಳಿಗೆ, ನೇರವಾಗಿ. "ಹೂಂರಿ, ಅಲ್ಲೆ ಇನ್ನೂ ಬಂದಿಲ್ಲ ನಾನು" ಎಂದಳು ಚಿಗವ್ವ. ನಾನು ಆ ಮನೆಯವನು ಎಂದು ಅಂದು ಎಷ್ಟು ಹೆಮ್ಮೆಪಟ್ಟೆನೋ, ಮುಂದೆ ನನಗೆ ಬಿದ್ದ ಯಾವ ಚಪ್ಪಾಳೆಗೂ ಅಷ್ಟು ಪಟ್ಟಿಲ್ಲ.

ಈಗ ಆ ಕಂಪನಿ ಇಲ್ಲ. ಟಾಕೀಜು ಬಂದ ಮೇಲೆ ಪರದೆಗಳು ಎತ್ತಿನ ಬೆನ್ನಿನ ಜೂಲಾದವು, ರಾಶಿಯ ಮೇಲಿನ ಹೊದಿಕೆಯಾದವು. ಮನೆ ಬಿದ್ದಿದೆ, ತೊಲೆ ಯಾರದೋ ಕೊಟ್ಟಿಗೆ ಸೇರಿದೆ. ಕಾಕಾ, ಖಾದರಸಾಬ, ಚಿಗವ್ವ, ಒಬ್ಬರ ಹಿಂದೆ ಒಬ್ಬರು ಹೋದರು. ನಿಮ್ಮ ಮನೆಗಳಲ್ಲೂ ಹೀಗೇ ಆಗಿರುತ್ತದೆ, ನಾನು ಹೊಸದೇನೂ ಹೇಳುತ್ತಿಲ್ಲ.

ಪರದೆ ಮುಗಿದ ದಿನ ಖಾದರಸಾಬ ಮೂಲೆಯಲ್ಲಿ ಎಂದಿನಂತೆ ಕಾಕಾನ ಹೆಸರು ಬರೆದು, ಕುಂಚ ಎತ್ತದೆ, "ಅಕ್ಕಾರ ಹೆಸರೇನರಿ?" ಎಂದ. ಅವಳ ಕೆಮ್ಮು, ಆಕಳಿಕೆ, ಬೈಗುಳ ಎಲ್ಲವನ್ನೂ ಬಲ್ಲ ನನಗೆ ಅವಳ ಹೆಸರು ಗೊತ್ತಿರಲಿಲ್ಲ. ಚಿಗವ್ವ ತಲೆ ತಗ್ಗಿಸಿದಳು. ಕಾಕಾ ಹೇಳಿದ, ನಾಚಿಕೊಂಡು, ಹೊಸ ಮದುಮಗನ ಹಾಗೆ: "ಸಂಗವ್ವ." ಖಾದರಸಾಬ ಬರೆದ. ಓದಲು ಬಾರದ ಚಿಗವ್ವ ಹತ್ತಿರ ಬಂದು, "ಇದರಾಗ ನಾ ಎಲ್ಲಿ ಅದೇನಿ?" ಎಂದು ಕೇಳಿ, ಅವನು ತೋರಿಸಿದ ಕಡೆ ಬೆರಳಿಟ್ಟಳು. ಬಣ್ಣ ಇನ್ನೂ ಹಸಿಯಿತ್ತು, ಬೆರಳಿಗೆ ಹತ್ತಿತು. ಅವಳು ಆ ಕೈ ತೊಳೆಯಲಿಲ್ಲ. ಮಧ್ಯಾಹ್ನ ರೊಟ್ಟಿ ಬಡಿದವನು ನಾನು. ಒಂದಕ್ಕೂ ದುಂಡಗಿನ ಆಕಾರವಿರಲಿಲ್ಲ. ಎಲ್ಲರೂ ಅವನ್ನೇ ಉಂಡರು. ಚಿಗವ್ವ ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಿದ್ದಳು, ಕಾಕಾ ತುತ್ತು ಮಾಡಿ ಅವಳ ಕಡೆ ಚಾಚುತ್ತಿದ್ದ.